ಮಂತ್ರದ ಕಸ ಗುಡಿಸುವವರು ಯಾರು?

ಪ್ರಶ್ನೆ: ಸರ್, ನಾನೊಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಕಥೆ ನಡೆಯೋದು ಈಗಿನ ಬೆಂಗಳೂರಿನಲ್ಲಿ. ಮಂತ್ರ ಹಾಕಿದಾಗಲೆಲ್ಲ ಹಿಂದೆ ಒಂದು ವಿಷದ ಕಸ ಉಳಿಯುತ್ತದೆ. ಅದನ್ನು ಗುಡಿಸುವ ಚಂದ್ರಿ ಅನ್ನೋ ಹುಡುಗಿಯೇ ನಾಯಕಿ. ಅವಳಲ್ಲಿ ಅವಳಿಗೇ ಗೊತ್ತಿಲ್ಲದ ಒಂದು ಶಕ್ತಿ ಇದೆ. ಮೊದಲ ಮೂರು ಅಧ್ಯಾಯ ಓದಿದ ಗೆಳತಿಯರು "ಕಸ ನಂಬೋ ಹಾಗಿಲ್ಲ, ಶಕ್ತಿ ಬರೋದು ಸಿನಿಮಾ ಥರ ಇದೆ" ಅಂದರು. ನೀವು ಅಪಾಯಕಾರಿ ಕಸದ ಕೆಲಸದಲ್ಲಿ ಇದ್ದವರು. ನಿಜವಾದ ಕಸ ಹೇಗಿರುತ್ತದೆ? ಚಂದ್ರಿಯ ಶಕ್ತಿಯನ್ನು ಹೇಗೆ ತೋರಿಸಲಿ? ಕೊನೆಗೆ ಅವಳು ಮಂತ್ರವಾದಿ ಆಗಬೇಕಾ?

ಉತ್ತರ: ಕಳಿಸಿದ ಮೂರೂ ಅಧ್ಯಾಯ ಓದಿದೆ, ಎರಡು ಸಲ. ನಿಮ್ಮ ಗೆಳತಿಯರ ಮಾತು ಸ್ವಲ್ಪ ಖಾರ, ಆದರೆ ಸುಳ್ಳಲ್ಲ. ಮೊದಲು ಕಸದ ವಿಷಯ ಹೇಳುತ್ತೇನೆ. ಶಕ್ತಿಯ ವಿಷಯ ಅದರೊಳಗಿಂದಲೇ ಬರುತ್ತದೆ.

ನಿಮ್ಮ ಕಥೆಯಲ್ಲಿ ಕಸ ಕಪ್ಪು ಹೊಗೆಯಾಗಿ ಏಳುತ್ತದೆ, ಕಣ್ಣು ಕೆಂಪಗೆ ಮಾಡಿಕೊಂಡು ಜನರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅದು ಕಸ ಅಲ್ಲಮ್ಮ, ದೆವ್ವ. ದೆವ್ವಕ್ಕೆ ಸಿಟ್ಟಿರುತ್ತದೆ, ಇಂಥವರನ್ನೇ ಹಿಡಿಯಬೇಕು ಅನ್ನೋ ಹಟ ಇರುತ್ತದೆ. ಕಸಕ್ಕೆ ಯಾರ ಮೇಲೂ ಏನೂ ಇಲ್ಲ. ಸುಮ್ನೆ ಬಿದ್ದಿರುತ್ತದೆ. ನಾನು 22 ವರ್ಷ ಕಾರ್ಖಾನೆಗಳ ವಿಷದ ಕಸ ಸಾಗಿಸುವ, ಹೂಳುವ ಕೆಲಸದಲ್ಲಿದ್ದೆ. ಅಷ್ಟು ವರ್ಷದಲ್ಲಿ ಅದು ಒಮ್ಮೆಯೂ ನನ್ನ ಮೇಲೆ ಹಾರಿ ಬೀಳಲಿಲ್ಲ. ನಾನೇ ಗೊತ್ತಿಲ್ಲದೆ ಅದರ ಮೇಲೆ ಕಾಲಿಟ್ಟದ್ದು ಎರಡು ಸಲ.

ಮಂತ್ರಕ್ಕೂ ಕಸ ಇರುತ್ತದೆ ಅನ್ನೋದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಮಗುವಿಗೆ ದೃಷ್ಟಿ ತೆಗೆದ ಮೇಲೆ ಆ ಉಪ್ಪು, ಒಣಮೆಣಸಿನಕಾಯಿ ಮತ್ತೆ ಡಬ್ಬಿಗೆ ಹೋಗುತ್ತಾ? ಇಲ್ಲ, ಒಲೆಗೆ ಹೋಗುತ್ತದೆ. ನಿವಾಳಿಸಿದ ನಿಂಬೆಹಣ್ಣನ್ನು ಮೂರು ದಾರಿ ಕೂಡುವಲ್ಲಿ ಬಿಟ್ಟು, ಹಿಂತಿರುಗಿ ನೋಡದೆ ಬರಬೇಕು. ಬಂದವರು ಬಚ್ಚಲಿಗೆ ಹೋಗಿ ಕೈಕಾಲು ತೊಳೆದೇ ಒಳಗೆ ಬರಬೇಕು. ಬೆಳಿಗ್ಗೆ ಶಾಲೆಗೆ ಹೊರಟ ಮಕ್ಕಳಿಗೆ ಅಮ್ಮ ಹೇಳುತ್ತಾಳೆ: "ನಿಂಬೆಹಣ್ಣು ತುಳಿಬೇಡ, ಸುತ್ತಿ ಹೋಗು."

ನಾವು ಕಾರ್ಖಾನೆಯಲ್ಲಿ ಮಾಡುತ್ತಿದ್ದದ್ದೂ ಇದನ್ನೇ. ಬೇರೆ ಇಡು, ಸುಡೋದನ್ನು ಸುಡು, ಉಳಿದದ್ದನ್ನು ಊರಾಚೆ ಸಾಗಿಸು, ಬಂದು ಮೈ ತೊಳಿ, ಆ ಜಾಗಕ್ಕೆ ಯಾರೂ ಹೋಗದ ಹಾಗೆ ನೋಡು. ಅಜ್ಜಿಯ ಪಟ್ಟಿಯಲ್ಲಿ ಒಂದೇ ಒಂದು ಕಾಲಂ ಖಾಲಿ ಇದೆ. ಆ ನಿಂಬೆಹಣ್ಣನ್ನು ಬೆಳಿಗ್ಗೆ ಎತ್ತುವವರು ಯಾರು? ನಿಮ್ಮ ಇಡೀ ಕಾದಂಬರಿ ಆ ಖಾಲಿ ಕಾಲಮ್ಮಿನಲ್ಲಿದೆ ಅಂತ ನನಗನ್ನಿಸುತ್ತದೆ.

ಆಯುಧಪೂಜೆಯ ಮಾರನೇ ದಿನ ಬೆಂಗಳೂರಿನ ರಸ್ತೆ ನೋಡಿದ್ದೀರಲ್ಲ. ಅಂಗಡಿ, ಗ್ಯಾರೇಜು, ಬಸ್ಸು, ಬೈಕು, ಎಲ್ಲದರ ಮುಂದೆ ಒಡೆದ ಬೂದುಗುಂಬಳ. ಕುಂಕುಮ ಕಲೆತ ತಿರುಳು ರಸ್ತೆ ತುಂಬಾ. ಬೈಕಿನವರು ಜಾರಿ ಬೀಳುತ್ತಾರೆ. ಒಮ್ಮೆ ನಮ್ಮ ಬೀದಿಯಲ್ಲಿ ಅದನ್ನು ಬಳಿಯುತ್ತಿದ್ದ ಪೌರಕಾರ್ಮಿಕ ಹೆಂಗಸನ್ನು ನೋಡುತ್ತಾ ನಿಂತಿದ್ದೆ. ಪೊರಕೆಯ ಹಿಡಿಯಿಂದ ತಿರುಳು ಸರಿಸಿ, ಒಳಗಿದ್ದ ಎರಡು ರೂಪಾಯಿ ನಾಣ್ಯ ಎತ್ತಿ, ನಲ್ಲಿ ನೀರಲ್ಲಿ ತೊಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಭಯ ಆಗಲ್ವಾಮ್ಮ?" ಅಂದೆ. "ಯಾರದೋ ದೃಷ್ಟಿ ಯಾಕೆ ಸಾರ್ ಭಯ? ಎತ್ತಲಿಲ್ಲ ಅಂದ್ರೆ ಮೇಸ್ತ್ರಿ ದೃಷ್ಟಿ ತಾಗುತ್ತಲ್ಲ, ಅದಕ್ಕೆ ಭಯ" ಅಂದರು. ನಿಮ್ಮ ಚಂದ್ರಿ ಹೀಗೆ ಮಾತಾಡಿದ್ದರೆ ನಾನು ಒಂದೇ ಉಸಿರಿಗೆ ಓದಿ ಮುಗಿಸುತ್ತಿದ್ದೆ.

ಇನ್ನೂ ಹಿಂದಕ್ಕೆ ಹೋದರೆ ಸಮುದ್ರಮಥನ ಇದೆ. ಅಮೃತ ಬೇಕು ಅಂತ ಕಡೆದರು, ಮೊದಲು ಬಂದದ್ದು ಹಾಲಾಹಲ. ಶಿವ ಕುಡಿದ, ಗಂಟಲಲ್ಲಿ ನಿಲ್ಲಿಸಿಕೊಂಡ, ಅಷ್ಟು ಎಲ್ಲರಿಗೂ ಗೊತ್ತು. ಭಾಗವತದಲ್ಲಿ ಇನ್ನೊಂದು ಸಣ್ಣ ಮಾತಿದೆ. ಶಿವ ಕುಡಿಯುವಾಗ ಅಂಗೈಯಿಂದ ಒಂದಷ್ಟು ಹನಿ ಚೆಲ್ಲಿತು. ಅದನ್ನು ಹಾವು, ಚೇಳು, ವಿಷದ ಗಿಡಗಳು ಹೀರಿಕೊಂಡವು. ನನ್ನ ಕೆಲಸದ ಭಾಷೆಯಲ್ಲಿ ಇದಕ್ಕೆ ಸೋರಿಕೆ ಅನ್ನುತ್ತೇವೆ. ಸಾಕ್ಷಾತ್ ಶಿವನೇ ಕೈಯಾರೆ ವಿಲೇವಾರಿ ಮಾಡಿದರೂ ಸ್ವಲ್ಪ ಸೋರಿತು. ಮಹಾಭಾರತದಲ್ಲೂ ಹೀಗೇ: ಬ್ರಹ್ಮಶಿರೋಸ್ತ್ರವನ್ನು ಇನ್ನೊಂದು ದೊಡ್ಡ ಅಸ್ತ್ರದಿಂದ ತಡೆದ ಜಾಗದಲ್ಲಿ 12 ವರ್ಷ ಮಳೆ ಇಲ್ಲ ಅನ್ನುತ್ತಾರೆ. ಅಸ್ತ್ರ ಬಿಟ್ಟವರು ತಮ್ಮ ದಾರಿ ಹಿಡಿದು ಹೋದರು. ಅಲ್ಲಿ ರಾಗಿ ಬಿತ್ತಿದವನ ಗತಿ ಏನು? ಅವನ ಕಥೆ ಯಾರೂ ಬರೆಯಲಿಲ್ಲ.

ಈಗ ಒಂದು ನಿಜವಾದ ಘಟನೆ. ಮಂತ್ರದ ಕಸ ಅಂದರೆ ನನಗೆ ಇದಕ್ಕಿಂತ ಹತ್ತಿರದ್ದು ಬೇರೆ ಗೊತ್ತಿಲ್ಲ.

ಬ್ರೆಜಿಲ್ ದೇಶದ ಗೊಯಾನಿಯಾ ನಗರ, 1987ರ ಸೆಪ್ಟೆಂಬರ್. ಕ್ಯಾನ್ಸರ್ ಚಿಕಿತ್ಸೆಯ ಒಂದು ಕ್ಲಿನಿಕ್ ಬೇರೆ ಕಡೆ ಹೋಗಿತ್ತು. ಹಳೆಯ ಕಟ್ಟಡದಲ್ಲಿ ಒಂದು ಯಂತ್ರ ಹಾಗೇ ಉಳಿದಿತ್ತು. ಇಬ್ಬರು ಅದರ ತಲೆಭಾಗ ಬಿಚ್ಚಿ ಗುಜರಿ ಅಂಗಡಿಗೆ ಮಾರಿದರು. ರಾತ್ರಿ ಅಂಗಡಿಯವನು ನೋಡುತ್ತಾನೆ, ಆ ಲೋಹದ ಡಬ್ಬಿಯೊಳಗಿಂದ ನೀಲಿ ಬೆಳಕು ಬರುತ್ತಿದೆ. ಏನೋ ಅದ್ಭುತ ಸಿಕ್ಕಿತು ಅಂತ ಮನೆಯೊಳಗೆ ತಂದಿಟ್ಟ. ನೆಂಟರನ್ನು, ಅಕ್ಕಪಕ್ಕದವರನ್ನು ಕರೆದು ತೋರಿಸಿದ. ಪುಡಿಯನ್ನು ಚಿಟಿಕೆ ಚಿಟಿಕೆ ಹಂಚಿದರು. ಮೈಗೆ ಹಚ್ಚಿಕೊಂಡರು. ಆರು ವರ್ಷದ ಒಂದು ಮಗು ಆ ಪುಡಿ ಮೆತ್ತಿದ ಕೈಯಲ್ಲೇ ತಿಂಡಿ ತಿಂದಿತು. ಆ ಪುಡಿ ಸೀಸಿಯಂ-137, ಕಣ್ಣಿಗೆ ಕಾಣದ ವಿಕಿರಣ ಸೂಸುವ ವಸ್ತು. ಇದ್ದದ್ದು ಸುಮಾರು 93 ಗ್ರಾಂ, ಒಂದು ಹಿಡಿ.

ನಾಲ್ಕು ಜನ ಸತ್ತರು, ಆ ಮಗುವೂ ಸೇರಿ. 249 ಜನರಿಗೆ ಪುಡಿ ತಗುಲಿತ್ತು. ಅದನ್ನು ಪತ್ತೆ ಹಚ್ಚಲು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷೆ ಮಾಡಬೇಕಾಯಿತು. ಮನೆಗಳನ್ನು ಕೆಡವಿದರು, ಅಂಗಳದ ಮಣ್ಣು ಬಗೆದರು. ಒಂದು ಹಿಡಿ ಪುಡಿಯಿಂದ ಕೊನೆಗೆ ಹೂಳಬೇಕಾದ ಕಸ ಎಷ್ಟಾಯಿತು ಗೊತ್ತಾ? ಸುಮಾರು 3,500 ಘನ ಮೀಟರ್. ನೂರಾರು ಲಾರಿ ಲೋಡು. ಕಸ ತಾನು ಮುಟ್ಟಿದ್ದನ್ನೆಲ್ಲ ಕಸ ಮಾಡುತ್ತದೆ. ನಿಮ್ಮ ಕಥೆಗೆ ಕೆಂಪು ಕಣ್ಣು ಬೇಡ, ಈ ಒಂದು ಗುಣ ಸಾಕು. ನಮ್ಮಲ್ಲೂ ಇಂಥದ್ದು ಆಗಿದೆ, 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರ್ಕೆಟ್‌ನಲ್ಲಿ. ಅಲ್ಲಿ ಕೋಬಾಲ್ಟ್-60, ಅದೂ ವಿಕಿರಣ ಸೂಸುವಂಥದ್ದೇ. ಒಬ್ಬರು ತೀರಿಕೊಂಡರು.

ಗೊಯಾನಿಯಾ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಗುಜರಿ ಅಂಗಡಿಯವನ ಹೆಂಡತಿ. ಮನೆಯಲ್ಲಿ ಒಬ್ಬೊಬ್ಬರೇ ವಾಂತಿ ಮಾಡಿಕೊಂಡು ಮಲಗುತ್ತಿದ್ದಾರೆ. ಡಾಕ್ಟರು ಇನ್ನೇನೋ ಕಾಯಿಲೆ ಅಂದುಕೊಂಡರು. ಆಕೆ ಮಾತ್ರ ಆ ಹೊಳೆಯುವ ಪುಡಿ ಮನೆಗೆ ಬಂದಾಗಿನಿಂದಲೇ ಇದು ಶುರುವಾಗಿದ್ದು ಅಂತ ಲೆಕ್ಕ ಹಾಕಿದಳು. ಅದನ್ನು ಚೀಲಕ್ಕೆ ಹಾಕಿಸಿ, ಬಸ್ಸು ಹತ್ತಿ, ಆರೋಗ್ಯ ಇಲಾಖೆಯ ಕಚೇರಿಗೆ ತಂದು ಮೇಜಿನ ಮೇಲೆ ಇಡಿಸಿದಳು. ಊರು ಉಳಿದದ್ದು ಅದರಿಂದ. ಸತ್ತ ನಾಲ್ವರಲ್ಲಿ ಆಕೆಯೂ ಒಬ್ಬಳು. ಆ ಚೀಲ, ಆ ಬಸ್ಸು, ನೆನಪಲ್ಲಿಡಿ. ಆಮೇಲೆ ಬೇಕಾಗುತ್ತದೆ.

ಎರಡನೇ ಅಧ್ಯಾಯದಲ್ಲಿ ಗುರುಗಳು ಒಂದು ಮಂತ್ರ ಹೇಳಿದರೆ ಕಸ ಮಾಯ ಆಗುತ್ತದೆ. ದಯವಿಟ್ಟು ಇದನ್ನು ತೆಗೆಯಿರಿ. ಕಸ ಮಾಯ ಆಗೋ ಹಾಗಿದ್ದರೆ ನಿಮಗೆ ಕಥೆಯೇ ಇಲ್ಲ. ನಿಜದಲ್ಲಿ ಮೂರೇ ದಾರಿ. ಅದರ ಗುಣ ಬದಲಾಯಿಸಬಹುದು, ಸುಡಬಹುದು, ಇಲ್ಲವೇ ಕಟ್ಟಿ ಹೂಳಬಹುದು. ಸುಟ್ಟರೆ ಮುಗಿಯಿತು ಅಂದುಕೊಳ್ಳಬೇಡಿ. ಭೋಪಾಲದ ಕಾರ್ಖಾನೆಯಲ್ಲಿ 1984ರ ದುರಂತದ ನಂತರ ಉಳಿದಿದ್ದ ಕಸವನ್ನು ಅಲ್ಲಿಂದ ಎತ್ತಿದ್ದು 2025ರ ಜನವರಿಯಲ್ಲಿ, 40 ವರ್ಷ ಆದ ಮೇಲೆ. 337 ಟನ್. ಅದೇ ರಾಜ್ಯದ ಪೀಥಂಪುರಕ್ಕೆ ಸಾಗಿಸಿದರು. ಅಲ್ಲಿಯ ಜನ ನಮ್ಮೂರಿಗೆ ಯಾಕೆ ಅಂತ ಬೀದಿಗಿಳಿದರು. ಕೊನೆಗೆ ಸುಟ್ಟಾಯಿತು. ಉಳಿದ ಬೂದಿ, ಗಸಿ ಎಲ್ಲ ಸೇರಿ 800 ಟನ್ನಿಗೂ ಜಾಸ್ತಿ. ಸುಡುವಾಗ ಏಳುವ ಆಮ್ಲದ ಹೊಗೆ ತಡೆಯಲು ಸುಣ್ಣ ಹಾಕುತ್ತಾರೆ, ಅದೂ ತೂಕಕ್ಕೆ ಸೇರುತ್ತದೆ. ಆಮೇಲೆ ಆ ಬೂದಿ ಎಲ್ಲಿ ಹೂಳಬೇಕು ಅಂತ ಜಗಳ ಶುರುವಾಯಿತು. ನಿಮ್ಮ ಗುರುಗಳಿಗೂ ಇಂಥ ತಲೆನೋವು ಕೊಡಿ.

ಹಳೇ ಕಸ ನಮ್ಮ ಹತ್ತಿರದಲ್ಲೇ ನೋಡಬೇಕಾ? ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಚೆ ಕೆಜಿಎಫ್‌ಗೆ ಹೋಗಿ ಬನ್ನಿ. ಅಲ್ಲಿಯವರು ಸೈನೈಡ್ ದಿಬ್ಬ ಅಂತ ಕರೆಯುವ ಬೂದು ಬಣ್ಣದ ಗುಡ್ಡಗಳಿವೆ. ಅವು ಗುಡ್ಡ ಅಲ್ಲ. ನೂರಕ್ಕೂ ಜಾಸ್ತಿ ವರ್ಷ ಕಲ್ಲು ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಬಿಸಾಡಿದ ಹಿಟ್ಟು. ಒಟ್ಟು 13 ದಿಬ್ಬ, ಸಾವಿರ ಎಕರೆ ಜಾಗ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ದಿಬ್ಬ ಅಲ್ಲೇ ಇದೆ. ಬೇಸಿಗೆಯಲ್ಲಿ ಗಾಳಿ ಎದ್ದರೆ ಆ ಹಿಟ್ಟು ಊರೊಳಗೆ ಬರುತ್ತದೆ, ಹೆಂಗಸರು ಓಡಿ ಹೋಗಿ ಒಣಗಿ ಹಾಕಿದ ಬಟ್ಟೆ ಎಳೆದುಕೊಳ್ಳುತ್ತಾರೆ. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಧೂಳು ಇವರ ಪಾಲಿಗೆ ಉಳಿಯಿತು.

ಇದರಲ್ಲಿ ಒಂದು ತಿರುವಿದೆ, ನಿಮಗೆ ಉಪಯೋಗಕ್ಕೆ ಬರಬಹುದು. ಆಗಿನ ವಿಧಾನದಲ್ಲಿ ಚಿನ್ನ ಪೂರ್ತಿ ಬರುತ್ತಿರಲಿಲ್ಲ. ಆ ಹಿಟ್ಟಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ದಿಬ್ಬಗಳನ್ನು ಮತ್ತೆ ಸೋಸಿ ಚಿನ್ನ ತೆಗೆಯುವ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದರೆ ನಿನ್ನೆವರೆಗೆ ಯಾರಿಗೂ ಬೇಡದ ಕಸಕ್ಕೆ ಇವತ್ತು ಹರಾಜಿನ ಮಾತು. ನಿಮ್ಮ ಮಂತ್ರವಾದಿಗಳ ನೂರು ವರ್ಷದ ಕಸದಲ್ಲೂ ಇನ್ನೂ ಮಂತ್ರ ಉಳಿದಿದೆ ಅಂತ ಗೊತ್ತಾದರೆ? ಅದು ಯಾರದ್ದು? ಮಾಡಿದವರದ್ದಾ, ಅದರ ಧೂಳು ಕುಡಿದು ಬದುಕಿದವರದ್ದಾ? ನಿಮ್ಮ ಖಳನಾಯಕ ಈಗ ಲೋಕ ಆಳಬೇಕು ಅಂತ ಅರಚುತ್ತಿದ್ದಾನೆ. ಅವನನ್ನು ಟೆಂಡರ್ ಹಾಕೋಕೆ ಬಂದವನನ್ನಾಗಿ ಮಾಡಿ, ನೋಡೋಣ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಅಪಾಯಕಾರಿ ಕಸವನ್ನು ಕಾರ್ಖಾನೆ ತನ್ನ ಆವರಣದಲ್ಲಿ ಸಾಮಾನ್ಯವಾಗಿ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳುವ ಹಾಗಿಲ್ಲ. ಸಾಗಿಸುವಾಗ ಜೊತೆಗೆ ಮ್ಯಾನಿಫೆಸ್ಟ್ ಅನ್ನೋ ಚೀಟಿ ಹೋಗುತ್ತದೆ. 2016ರ ನಿಯಮದ ಪ್ರಕಾರ 7 ಪ್ರತಿ, ಒಂದೊಂದಕ್ಕೂ ಬೇರೆ ಬಣ್ಣ. ಕಳಿಸಿದವರಿಗೆ ಒಂದು, ಲಾರಿಯವರಿಗೆ ಒಂದು, ಹೂಳುವವರಿಗೆ ಒಂದು, ಹೀಗೆ. ಕಳ್ಳತನ ಹಿಡಿಯೋದು ಈ ಬಣ್ಣದ ಚೀಟಿಗಳಿಂದಲೇ. ಕಳಿಸಿದವರ ಹಳದಿ ಚೀಟಿಯಲ್ಲಿ ಎಂಟು ಡ್ರಮ್ ಇರುತ್ತದೆ, ಹೂಳುವವರ ಗುಲಾಬಿ ಚೀಟಿಯಲ್ಲಿ ಏಳು. ಆ ಒಂದು ಡ್ರಮ್ ದಾರಿಯಲ್ಲಿ ಯಾವ ಕೆರೆಗೆ ಹೋಯಿತು? ಮಂತ್ರಲೋಕಕ್ಕೂ ಒಂದು ಗುಮಾಸ್ತರ ಕೋಣೆ ಇರಲಿ. ಓದುಗರು ಹಾರುವ ಕಂಬಳಿಗಿಂತ ಮೊದಲು ರಬ್ಬರ್ ಸ್ಟ್ಯಾಂಪನ್ನು ನಂಬುತ್ತಾರೆ.

ಇನ್ನು ಚಂದ್ರಿಯ ಶಕ್ತಿ.

ಅವಳು ದೊಡ್ಡ ಮಂತ್ರವಾದಿಯ ಕಳೆದುಹೋದ ಮಗಳು ಅನ್ನೋ ಸುಳಿವನ್ನು ಮೂರನೇ ಅಧ್ಯಾಯದಲ್ಲೇ ಬಿಟ್ಟಿದ್ದೀರಿ, ಆ ಉಂಗುರದ ಮೂಲಕ. ಈ ಆಸೆ ನಮಗೆ ವಿರಾಟಪರ್ವದಿಂದಲೇ ಬಂದದ್ದು. ಸೌಟು ಹಿಡಿದ ವಲಲ ನೋಡಿದರೆ ಭೀಮ, ನಾಟ್ಯ ಕಲಿಸುವ ಬೃಹನ್ನಳೆ ನೋಡಿದರೆ ಅರ್ಜುನ. ಮಳೆ ತಡವಾದರೆ ಹಳ್ಳಿಗಳಲ್ಲಿ ಅದನ್ನು ಓದಿಸುತ್ತಿದ್ದರು, ನಾನೂ ಚಿಕ್ಕವನಿದ್ದಾಗ ಜಗಲಿಯಲ್ಲಿ ನಿದ್ದೆಗಣ್ಣಲ್ಲಿ ಕೇಳಿದ್ದೇನೆ. ಸೊಗಸಾದ ಕಥೆ. ಆದರೆ ಆ ಅಡುಗೆಮನೆಯಲ್ಲಿ ಹುಟ್ಟಿನಿಂದ ಅಡುಗೆಯವನಾಗಿದ್ದವನಿಗೆ ಅಲ್ಲಿ ಏನೂ ಇಲ್ಲ. ಅವನು ಅಡುಗೆಯವನಾಗಿಯೇ ಉಳಿದ. ಚಂದ್ರಿಯ ಶಕ್ತಿ ಅಪ್ಪನ ರಕ್ತದಿಂದ ಬಂತು ಅಂದರೆ, ಅವಳ ಜೊತೆ ಗುಡಿಸುವ ಉಳಿದ ಮೂವತ್ತು ಹೆಂಗಸರಿಗೆ ಏನೂ ಇಲ್ಲ ಅಂತ ನೀವೇ ಹೇಳಿದ ಹಾಗಾಯಿತು. ಉಂಗುರ ಬಿಸಾಡಿ.

ಶಕ್ತಿ ಕೆಲಸದಿಂದ ಬರಲಿ. ಮೂಗಿನಿಂದ ಶುರು ಮಾಡಿ. ಸೈನೈಡ್ ಅನಿಲಕ್ಕೆ ಕಹಿ ಬಾದಾಮಿಯ ವಾಸನೆ ಇರುತ್ತದೆ, ಆದರೆ ಅದು ಎಲ್ಲರಿಗೂ ಸಿಗುವುದಿಲ್ಲ. ಹುಟ್ಟಿನಿಂದಲೇ ಕೆಲವರ ಮೂಗಿಗೆ ಅದು ಗೊತ್ತಾಗುತ್ತದೆ, ಕೆಲವರಿಗೆ ಎಷ್ಟು ಮೂಸಿದರೂ ಇಲ್ಲ. ಮನೆಯಲ್ಲಿ ಬಾದಾಮಿ ಹಲ್ವ ತಿಂದು ಬೆಳೆದವರಿಗೆ ಗೊತ್ತಾಗುತ್ತದೆ ಅಂತಲೂ ಅಲ್ಲ. ಎದುರಿಗೆ ಬರುವ ತನಕ ನೀವು ಯಾವ ಗುಂಪು ಅಂತ ನಿಮಗೇ ಗೊತ್ತಿರುವುದಿಲ್ಲ. ಅಡಗಿದ ಶಕ್ತಿ ಅಂದರೆ ಇದೇ ಅಲ್ವಾ?

ಅದಕ್ಕೊಂದು ಮಿತಿಯೂ ಇರಲಿ. ಮ್ಯಾನ್‌ಹೋಲ್‌ನಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಕೊಳೆತ ಮೊಟ್ಟೆಯ ವಾಸನೆ. ಸ್ವಲ್ಪ ಇದ್ದಾಗ ಮೂಗು ಮುಚ್ಚಿಕೊಳ್ಳುತ್ತೀರಿ. ಸುಮಾರು 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲು, ದಾಟಿದರೆ ಮೂಗೇ ಸತ್ತುಹೋಗುತ್ತದೆ, ವಾಸನೆ ನಿಂತುಬಿಡುತ್ತದೆ. ಹೊಸಬರು ಗಾಳಿ ಶುದ್ಧವಾಯಿತು ಅಂತ ಇನ್ನೊಂದು ಮೆಟ್ಟಿಲು ಇಳಿಯುತ್ತಾರೆ. ಹಳಬರು ಹತ್ತಿ ಓಡುತ್ತಾರೆ. ನಿಮ್ಮ ಕಾದಾಟದಲ್ಲಿ ಮಿಂಚು ಸಿಡಿಲು ಎಲ್ಲ ಇದೆ. ಅದರ ಬದಲು ಚಂದ್ರಿಗೆ ಇದ್ದಕ್ಕಿದ್ದ ಹಾಗೆ ಏನೂ ವಾಸನೆ ಬರುತ್ತಿಲ್ಲ ಅಂತ ಒಂದು ಸಾಲು ಬರೆಯಿರಿ. ಅವಳ ಕೈಯಿಂದ ಪೊರಕೆ ಬೀಳಲಿ.

ನಾನಿದ್ದ ಒಂದು ಕಂಪನಿಯಲ್ಲಿ ಹಿರಿಯ ಹೆಲ್ಪರ್ ಒಬ್ಬರಿದ್ದರು. ಓದು ನಾಲ್ಕನೇ ಕ್ಲಾಸು. ಬೆಳಿಗ್ಗೆ ಡ್ರಮ್ಮುಗಳ ಸಾಲಿನ ಪಕ್ಕ ನಡೆಯುವಾಗ ಅಂಗೈ ತಿರುಗಿಸಿ, ಕೈಯ ಹಿಂಭಾಗವನ್ನು ಡ್ರಮ್ಮಿಗೆ ಒಂದು ಗೇಣು ದೂರದಲ್ಲಿ ಹಿಡಿದು ಹೋಗುತ್ತಿದ್ದರು, ಮಗುವಿನ ಜ್ವರ ನೋಡುವ ಹಾಗೆ. ಒಂದು ದಿನ ಒಂದು ಡ್ರಮ್ಮಿನ ಮುಂದೆ ನಿಂತರು. ಲೇಬಲ್ ಮೇಲೆ ಪೇಂಟ್ ಗಸಿ ಅಂತಿದೆ. "ಇದು ಬಿಸಿ ಇದೆ ಸಾರ್. ಪೇಂಟು ಬಿಸಿ ಆಗಲ್ಲ" ಅಂದರು. ಬಗ್ಗಿ ನೋಡಿದೆ. ಮುಚ್ಚಳ ಒಂದು ಬೆರಳು ಉಬ್ಬಿತ್ತು. ಎಲ್ಲರನ್ನೂ ಹೊರಗೆ ಕಳಿಸಿದೆವು. ಸಂಜೆ ಲ್ಯಾಬಿನವರು ಹೇಳಿದರು, ಯಾರೋ ಅದರಲ್ಲಿ ಆಸಿಡ್ ಸುರಿದಿದ್ದಾರೆ, ಒಳಗೆ ಅನಿಲ ತುಂಬುತ್ತಿತ್ತು. ಇನ್ನೊಂದು ಗಂಟೆ ಬಿಟ್ಟಿದ್ದರೆ ಮುಚ್ಚಳ ಹಾರುತ್ತಿತ್ತು.

ವರದಿಯಲ್ಲಿ "ದೈನಂದಿನ ತಪಾಸಣೆಯ ವೇಳೆ ಪತ್ತೆಯಾಯಿತು" ಅಂತ ಬರೆಯಲಾಯಿತು. ಅವರ ಹೆಸರು ಎಲ್ಲೂ ಇಲ್ಲ. ಆ ವರದಿ ಬರೆದವನು ನಾನೇ. ಮೇಲಿನವರು ಕೇಳಿರಲಿಲ್ಲ, ನನಗೂ ಹೊಳೆಯಲಿಲ್ಲ. ಅಡಗಿದ ಪ್ರತಿಭೆ ಅಂತ ನೀವು ಬರೆದಾಗಲೆಲ್ಲ ನನಗೆ ಆ ಸಾಲು ನೆನಪಾಗುತ್ತದೆ. ಆ ಮನುಷ್ಯ ಏನನ್ನೂ ಅಡಗಿಸಿಟ್ಟಿರಲಿಲ್ಲ, ದಿನಾ ಎಲ್ಲರ ಎದುರಿಗೇ ಕೈ ಹಿಡಿದು ನಡೆಯುತ್ತಿದ್ದರು.

ಹಾಗಾಗಿ ಚಂದ್ರಿಗೆ ಗೊತ್ತಿಲ್ಲದ ಶಕ್ತಿ ಅಂತ ಮಾಡುವ ಬದಲು, ಅವಳಿಗೆ ಗೊತ್ತಿದೆ, ಉಳಿದ ಗುಡಿಸುವವರಿಗೂ ಗೊತ್ತಿದೆ, ಅವರ ಮಧ್ಯೆ ಅದಕ್ಕೊಂದು ಹೆಸರೂ ಇದೆ, ಮಂತ್ರವಾದಿಗಳಿಗೆ ಮಾತ್ರ ಗೊತ್ತಿಲ್ಲ ಅಂತ ಮಾಡಿದರೆ ಹೇಗೆ? ಹೆಸರು ನೀವೇ ಹುಡುಕಿ. ಸಂಸ್ಕೃತದ ದೊಡ್ಡ ಪದ ಬೇಡ. ಮಸ್ಟರಿಂಗ್ ಜಾಗದಲ್ಲಿ, ಅಂದರೆ ಗುಡಿಸುವವರು ಹಾಜರಿ ಹಾಕುವಲ್ಲಿ, ಟೀ ಕುಡಿಯುತ್ತಾ ಹೇಳೋಕೆ ಆಗುವಂಥದ್ದು ಇರಲಿ.

ಒಂದು ವಿಷಯ ತಪ್ಪಿಸಿಕೊಳ್ಳಬೇಡಿ. ನಮ್ಮ ದೇಶದಲ್ಲಿ ಕಸ ಯಾರ ಕೈಗೆ ಹೋಗಬೇಕು ಅಂತ ತೀರ್ಮಾನ ಮಾಡಿದ್ದು ಜಾತಿ. ಮಲ ಹೊರಿಸುವುದನ್ನು ನಿಷೇಧಿಸಲು 1993ರಲ್ಲಿ ಒಂದು ಕಾನೂನು ಬಂತು, ಸಾಲಲಿಲ್ಲ ಅಂತ 2013ರಲ್ಲಿ ಇನ್ನೊಂದು. ಆದರೂ ಮ್ಯಾನ್‌ಹೋಲ್ ಸಾವು ನಿಂತಿಲ್ಲ. ಬೆಂಗಳೂರಿನಲ್ಲಿ ಮಂತ್ರದ ಕಸ ಗುಡಿಸುವ ಹುಡುಗಿಗೆ ಊರು, ಕೇರಿ, ಅಡ್ಡಹೆಸರು ಏನೂ ಇಲ್ಲದೆ ಬರೆದರೆ ಅವಳು ಗಾಳಿಯಲ್ಲಿ ತೇಲುತ್ತಾಳೆ. ಹಾಗಂತ ಭಾಷಣ ಹಾಕಬೇಡಿ. ಮಂತ್ರವಾದಿಯ ಮನೆಯಲ್ಲಿ ಅವಳಿಗೆ ನೀರು ಯಾವ ಲೋಟದಲ್ಲಿ ಕೊಟ್ಟರು, ಆ ಲೋಟ ಎಲ್ಲಿಟ್ಟಿದ್ದರು ಅಂತ ತೋರಿಸಿ. ಅಷ್ಟು ಸಾಕು.

ಕೊನೆಗೆ ಅವಳು ಮಂತ್ರವಾದಿ ಆಗಬೇಕಾ ಅಂದಿರಿ. ನನಗೆ ಇಷ್ಟ ಇಲ್ಲ. ಆ ಗುಜರಿ ಅಂಗಡಿಯವನ ಹೆಂಡತಿಯ ಹಾಗೆ ಅವಳೂ ಒಂದು ಚೀಲ ಹಿಡಿದು ಬಿಎಂಟಿಸಿ ಬಸ್ಸು ಹತ್ತಲಿ, ಯಾವುದೋ ಕಚೇರಿಯ ಮೇಜಿನ ಮೇಲೆ ಅದನ್ನು ಇಡಲಿ. ಬದುಕಿ ವಾಪಸ್ ಬರಲಿ, ಅದು ನನ್ನ ಸ್ವಾರ್ಥ. ಆ ಮೇಜಿನ ಆಚೆ ಕೂತವನು ವರದಿಯಲ್ಲಿ ಅವಳ ಹೆಸರು ಬರೆಯುತ್ತಾನಾ ಇಲ್ವಾ ಅನ್ನೋದು ನಿಮಗೆ ಬಿಟ್ಟದ್ದು.

ನಾಲ್ಕನೇ ಅಧ್ಯಾಯ ಆದಾಗ ಕಳಿಸಿ. ಅಂದಹಾಗೆ, ಮೊದಲ ಅಧ್ಯಾಯದಲ್ಲಿ ಚಂದ್ರಿ ಸರ್ಕಲ್‌ನಲ್ಲಿ ನಿಂಬೆಹಣ್ಣು ಎತ್ತುವುದು ಬೆಳಿಗ್ಗೆ ಒಂಬತ್ತಕ್ಕೆ ಅಂತ ಇದೆ. ಆರೂವರೆ ಅಂತ ತಿದ್ದಿಕೊಳ್ಳಿ. ಒಂಬತ್ತಕ್ಕೆ ಅಲ್ಲಿ ನಿಂಬೆಹಣ್ಣು ಉಳಿದಿರುವುದಿಲ್ಲ.